ಮೂರೂವರೆ ಗಂಟೆಯ ದಾರಿ

ಮಂಗಳೂರಿನಿಂದ ದುಬೈಗೆ ಎಷ್ಟು ದೂರ? ಈ ಪ್ರಶ್ನೆಯನ್ನು ನಮ್ಮ ಕರಾವಳಿಯ ಯಾವ ಮನೆಯ ಹೆಂಗಸರಲ್ಲಿ ಕೇಳಿದರೂ ಉತ್ತರ ಕಿಲೋಮೀಟರಿನಲ್ಲಿ ಬರುವುದಿಲ್ಲ. 'ಮೂರೂವರೆ ಗಂಟೆ' ಎನ್ನುತ್ತಾರೆ. ಇನ್ನು ಕೆಲವರು 'ಎರಡು ವರ್ಷ' ಎನ್ನುತ್ತಾರೆ. ಎರಡೂ ಸರಿಯೇ. ಮೊದಲನೆಯದು ವಿಮಾನದ ಲೆಕ್ಕ, ಎರಡನೆಯದು ರಜೆಯ ಲೆಕ್ಕ.

ಸಹೋದರಿಯರೇ, ನಾನು ಭೂಗೋಳ ಓದಿದವಳಲ್ಲ. ಆದರೆ ತಂದೆ, ಗಂಡ, ತಮ್ಮ, ಈಗ ಮಗಳು ಮತ್ತು ಅಳಿಯ ಹೀಗೆ ಮೂರು ತಲೆಮಾರಿನವರನ್ನು ಆ ಕಡೆಗೆ ಕಳುಹಿಸಿ, ಈ ಕಡೆಯಿಂದ ಗಂಟೆ ಎಣಿಸಿದವಳು. ಆ ಎಣಿಕೆಯೇ ನನ್ನನ್ನು ಭೂಪಟದ ಮುಂದೆ ಕೂರಿಸಿತು.

ಬಜ್ಪೆಯ ರನ್‌ವೇಯಿಂದ ದುಬೈ ವಿಮಾನ ನಿಲ್ದಾಣಕ್ಕೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 2,460 ಕಿಲೋಮೀಟರ್. ಇದು ಹೆಚ್ಚೋ ಕಡಿಮೆಯೋ ಎಂದು ತಿಳಿಯಬೇಕಾದರೆ ಇದೇ ಬಜ್ಪೆಯಿಂದ ಶ್ರೀನಗರಕ್ಕೆ ಅಳೆದು ನೋಡಿ. ಅದು ಸುಮಾರು 2,340 ಕಿಲೋಮೀಟರ್. ಅಂದರೆ ನಾವು 'ಹೊರದೇಶ' ಎನ್ನುವ ದುಬೈ ನಮ್ಮದೇ ದೇಶದ ಕಾಶ್ಮೀರಕ್ಕಿಂತ ನೂರಿಪ್ಪತ್ತು ಕಿಲೋಮೀಟರ್ ಮಾತ್ರ ದೂರ. ನಮ್ಮ ಕಡೆ ಕಾಶ್ಮೀರ ನೋಡಿದವರನ್ನು ಬೆರಳಲ್ಲಿ ಎಣಿಸಬಹುದು. ದುಬೈಗೆ ಯಾರೂ ಹೋಗದ ಮನೆಯನ್ನು ಹುಡುಕಬೇಕಾಗುತ್ತದೆ.

ಆ 2,460 ಕಿಲೋಮೀಟರಿನಲ್ಲಿ 2,000ಕ್ಕೂ ಹೆಚ್ಚು ಬರೇ ಸಮುದ್ರ. ವಿಮಾನ ಏರಿದ ಸ್ವಲ್ಪ ಹೊತ್ತಿಗೆ ತೆಂಗಿನ ತೋಟ, ಗುರುಪುರ ಹೊಳೆ, ಅಳಿವೆಯ ಮರಳಿನ ಗೆರೆ ಎಲ್ಲವೂ ಹಿಂದೆ ಸರಿದು ಅರಬಿ ಸಮುದ್ರ ಬರುತ್ತದೆ. ಮುಂದೆ ಎರಡೂವರೆ ಗಂಟೆ ಕೆಳಗೆ ನೀರಲ್ಲದೆ ಬೇರೇನಿಲ್ಲ. ಮಸ್ಕತ್‌ನ ಆಸುಪಾಸಿನಲ್ಲಿ ನೆಲ ಕಾಣಿಸುತ್ತದೆ. ಅದೂ ಎಂಥ ನೆಲ! ಹುಲ್ಲುಕಡ್ಡಿಯಿಲ್ಲದ, ಸುಟ್ಟ ಇಟ್ಟಿಗೆಯ ಬಣ್ಣದ ಒಮಾನಿನ ಹಜರ್ ಪರ್ವತಗಳು. ಅವನ್ನು ದಾಟಿದರೆ ಮರಳು, ಮರಳಿನ ನಂತರ ದೀಪಗಳು.

ವಿಮಾನ ಗಂಟೆಗೆ 800-850 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಹಾಗಾದರೆ ಮೂರು ಗಂಟೆ ಸಾಕಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಏರುವಾಗ ಮತ್ತು ಇಳಿಯುವಾಗ ಆ ವೇಗ ಇರುವುದಿಲ್ಲ. ದುಬೈ ನಿಲ್ದಾಣವಂತೂ 2014ರಿಂದ ಅಂತಾರಾಷ್ಟ್ರೀಯ ಪ್ರಯಾಣಿಕರ ಲೆಕ್ಕದಲ್ಲಿ ಲೋಕದಲ್ಲೇ ಮೊದಲ ಸ್ಥಾನಕ್ಕೇರಿದ್ದು. ಇಳಿಯಲು ಸರದಿ ಸಿಗದೆ ಮೇಲೆಯೇ ಸುತ್ತು ಹೊಡೆಯಬೇಕಾಗುವುದೂ ಉಂಟು. ಇಳಿದ ಮೇಲೆ ವಿಮಾನ ತನ್ನ ಜಾಗಕ್ಕೆ ತೆವಳಿಕೊಂಡು ಹೋಗುವ ಹೊತ್ತನ್ನೂ ಟಿಕೆಟಿನ ಸಮಯದಲ್ಲಿ ಸೇರಿಸಿರುತ್ತಾರೆ. ಗಾಳಿಯ ಪಾಲೂ ಇದೆ. ಚಳಿಗಾಲದಲ್ಲಿ ಅಷ್ಟು ಎತ್ತರದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಹೋಗುವಾಗ ವಿಮಾನಕ್ಕೆ ಎದುರುಗಾಳಿ, ಬರುವಾಗ ಬೆನ್ನಗಾಳಿ. ಹತ್ತಿಪ್ಪತ್ತು ನಿಮಿಷದ ವ್ಯತ್ಯಾಸ ಇದರಿಂದಲೇ ಆಗುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ನೈಋತ್ಯದ ಗಾಳಿ ಮಳೆಯನ್ನು ಹೊತ್ತು ತರುತ್ತಿದ್ದರೆ ದಕ್ಷಿಣ ಭಾರತದ ಮೇಲೆ ಬಹು ಎತ್ತರದಲ್ಲಿ ಗಾಳಿ ಉಲ್ಟಾ, ಪೂರ್ವದಿಂದ ಪಶ್ಚಿಮಕ್ಕೆ ಓಡುತ್ತಿರುತ್ತದೆ.

ಗಾಳಿಯನ್ನು ನಂಬಿ ಈ ಸಮುದ್ರ ದಾಟುವುದು ನಮ್ಮವರಿಗೆ ಹೊಸತಲ್ಲ. ಹಾಯಿಹಡಗುಗಳ ಕಾಲದಲ್ಲಿ ಚಳಿಗಾಲದ ಈಶಾನ್ಯ ಗಾಳಿಗೆ ಹಾಯಿ ಬಿಚ್ಚಿ ಅರಬ್ ನಾಡಿಗೆ ಹೋಗುತ್ತಿದ್ದರು. ಗಾಳಿಯ ದಿಕ್ಕು ಬದಲಾಗುವವರೆಗೆ ಅಲ್ಲೇ ಕಾದು ನೈಋತ್ಯ ಗಾಳಿಯಲ್ಲಿ ಮರಳುತ್ತಿದ್ದರು. ಅಲ್ಲಿಂದ ಇಲ್ಲಿಗೆ ಬರುವವರದೂ ಅದೇ ಕ್ರಮ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತಾ ನಮ್ಮ ಮಂಗಳೂರನ್ನು 'ಮಂಜರೂರ್' ಎಂದು ಕರೆದು, ಫಾರಸ್ ಮತ್ತು ಯಮನಿನ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ, ಕರಿಮೆಣಸು ಮತ್ತು ಶುಂಠಿ ಇಲ್ಲಿ ಹೇರಳ, ಸುಮಾರು 4,000 ಮುಸ್ಲಿಮರು ಇಲ್ಲಿದ್ದಾರೆ ಎಂದು ತಮ್ಮ ಪ್ರವಾಸ ಕಥನದಲ್ಲಿ ತಿಳಿಸಿದ್ದಾರೆ. ಆ ವ್ಯಾಪಾರಿಗಳ ಮನೆಗಳಲ್ಲೂ ಹೆಂಗಸರಿದ್ದರಲ್ಲ? ಅವರು ಗಂಟೆ ಎಣಿಸುತ್ತಿರಲಿಲ್ಲ, ಗಾಳಿ ತಿರುಗುವುದನ್ನು ನೋಡುತ್ತಿದ್ದರು.

ನನ್ನ ಉಪ್ಪ ಮೊದಲ ಬಾರಿ ದುಬೈಗೆ ಹೋದದ್ದು 1974ರಲ್ಲಿ. ನಾನಾಗ ಎಂಟು ವರ್ಷದವಳು. ಬಿ.ಸಿ.ರೋಡಿನಿಂದ ಬಸ್ಸಿನಲ್ಲಿ ಮುಂಬಯಿ. ಒಂದು ಹಗಲು ಒಂದು ರಾತ್ರಿ. ಮುಂಬಯಿಯ ಮುಸಾಫಿರ್‌ಖಾನೆಯಲ್ಲಿ ಹನ್ನೊಂದು ದಿನ ಕಾಯುವಿಕೆ. ನಂತರ 'ದ್ವಾರಕಾ' ಎಂಬ ಹಡಗಿನ ಡೆಕ್‌ನಲ್ಲಿ ಚಾಪೆ ಹಾಸಿ ಮಲಗಿ ಆರು ದಿನ. ಹಡಗು ಬಂದರಿನಿಂದ ಬಂದರಿಗೆ ನಿಲ್ಲುತ್ತಾ ಹೋಗುತ್ತಿತ್ತಂತೆ. ಆ ಕಂಪೆನಿಯ ಹಡಗುಗಳು ಮುಂಬಯಿ ಮತ್ತು ಕೊಲ್ಲಿಯ ನಡುವೆ ಬಹುಕಾಲ ಓಡಿದವು. ಅವುಗಳಲ್ಲಿ ಕೊನೆಯದಾದ ದ್ವಾರಕಾ 1982ರಲ್ಲಿ ನಿಂತಿತು. ಅದರ ಸೋದರಿ 'ದಾರಾ' 1961ರ ಏಪ್ರಿಲ್ 8ರಂದು ದುಬೈ ಕರಾವಳಿಯ ಬಳಿ ಸ್ಫೋಟಗೊಂಡು 238 ಮಂದಿ ಸತ್ತಿದ್ದರು. ಆ ಸುದ್ದಿ ಗೊತ್ತಿದ್ದ ಅಜ್ಜಿ ಉಪ್ಪನನ್ನು ಬಾಗಿಲಿನವರೆಗೂ ಕಳುಹಿಸಿಕೊಡಲಿಲ್ಲ. ಅಡುಗೆ ಮನೆಯಲ್ಲೇ ಕೂತಿದ್ದರು.

ಉಪ್ಪ ತಲುಪಿದರು ಎಂಬ ಕಾಗದ ಮನೆಗೆ ಬಂದದ್ದು ಅವರು ಹೊರಟ ನಲವತ್ತು ದಿನಗಳ ಮೇಲೆ. ಆಮೇಲೆ ಕ್ಯಾಸೆಟ್‌ಗಳ ಕಾಲ ಬಂತು. ಊರಿಗೆ ಬರುವವರ ಕೈಯಲ್ಲಿ ಉಪ್ಪ ಟೇಪ್‌ರೆಕಾರ್ಡರ್ ಕಳುಹಿಸಿದರು. ಅದರ ಮುಂದೆ ಕೂತು ಮಾತಾಡಿ ಕ್ಯಾಸೆಟನ್ನು ಅಲ್ಲಿಗೆ ಹೋಗುವವರ ಹತ್ತಿರ ಕೊಡುವುದು. ಉಮ್ಮ ಮೊದಲು ಸಲಾಂ ಹೇಳಿ, ಆಮೇಲೆ ಏನು ಹೇಳಬೇಕೆಂದು ತೋಚದೆ, 'ದನ ಕರು ಹಾಕಿದೆ' ಎನ್ನುತ್ತಿದ್ದರು. 1986ರಲ್ಲಿ ಅಜ್ಜಿ ತೀರಿಹೋದಾಗ ಕೊಟ್ಟ ತಂತಿ ಉಪ್ಪನಿಗೆ ಸಿಕ್ಕಿದ್ದು ಮೂರನೆಯ ದಿನ. ಅಷ್ಟು ಹೊತ್ತಿಗೆ ಅಜ್ಜಿಯ ಕಬರಿನ ಮಣ್ಣು ಒಣಗಿತ್ತು.

ಇಲ್ಲೊಂದು ವಿಚಿತ್ರ ನೋಡಿ. ಭೂಪಟದಲ್ಲಿ ಮಂಗಳೂರು-ಮುಂಬಯಿ-ದುಬೈ ಎಂದು ಗೆರೆ ಎಳೆದರೆ ಆಕಾಶದ ದೂರ ಸುಮಾರು 2,640 ಕಿಲೋಮೀಟರ್. ನೇರ ದಾರಿಗಿಂತ ಸುತ್ತು ಬರೇ 180 ಕಿಲೋಮೀಟರ್. ಅಂದರೆ ಮುಂಬಯಿ ದಾರಿಯಲ್ಲಿ ದೂರ ಹೆಚ್ಚಿರಲಿಲ್ಲ, ಕಾಯುವಿಕೆ ಹೆಚ್ಚಿತ್ತು. ನನ್ನ ಗಂಡ ತೊಂಬತ್ತರ ದಶಕದಲ್ಲಿ ಹೋಗಿ ಬರುತ್ತಿದ್ದಾಗ ಮುಂಬಯಿಯಿಂದ ದುಬೈಗೆ ಮೂರು ಗಂಟೆಯ ವಿಮಾನ. ಆದರೆ ಮನೆಯಿಂದ ಮುಂಬಯಿಗೆ ಇಡೀ ಒಂದು ದಿನದ ಬಸ್ಸು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ರಾತ್ರಿ ಮಲಗಿ ಹೋಗುವಂತಾಯಿತು. ಇದ್ದ ನಲವತ್ತೈದು ದಿನಗಳ ರಜೆಯಲ್ಲಿ ನಾಲ್ಕು ದಿನ ದಾರಿಗೇ ಸರಿ.

ಬಜ್ಪೆಯ ವಿಮಾನ ನಿಲ್ದಾಣ 1951ರಲ್ಲೇ ಆಗಿತ್ತು. ಉದ್ಘಾಟನೆಗೆ ಜವಾಹರಲಾಲ್ ನೆಹರೂ ಬಂದಿದ್ದರು. ಆದರೆ ಗುಡ್ಡದ ತಲೆಯ ಮೇಲಿನ ಆ ಹಳೆಯ ರನ್‌ವೇ ಗಿಡ್ಡ, ದೊಡ್ಡ ವಿಮಾನಗಳಿಗೆ ಸಾಲದು. 2006ರಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ದುಬೈಗೆ ನೇರ ವಿಮಾನ ಶುರುವಾಯಿತು. ರನ್‌ವೇ 2,450 ಮೀಟರ್, ದಾರಿ ಹೆಚ್ಚುಕಡಿಮೆ ಅಷ್ಟೇ ಕಿಲೋಮೀಟರ್! ಇದು ಕಾಕತಾಳೀಯ, ಆದರೆ ನೆನಪಿಟ್ಟುಕೊಳ್ಳಲು ಸುಲಭ. ನನ್ನ ಗಂಡ ಆ ವರ್ಷ ಬೆಳಿಗ್ಗೆ ಅಲ್ಲಿ ಚಹಾ ಕುಡಿದು ಹೊರಟು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದರು. ಉಮ್ಮ ನಂಬಲಿಲ್ಲ. 'ಮುಂಬಯಿಯಿಂದ ಯಾವಾಗ ಹೊರಟದ್ದು?' ಎಂದು ಎರಡೆರಡು ಸಲ ಕೇಳಿದರು.

ಆ ಗುಡ್ಡದ ನಿಲ್ದಾಣದ ಮಾತು ಬಂದಾಗ 2010ರ ಮೇ 22ನ್ನು ಬಿಟ್ಟು ಮುಂದೆ ಹೋಗಲಾಗದು. ಅಂದು ಬೆಳಿಗ್ಗೆ ಆರು ಗಂಟೆಯ ನಂತರ ದುಬೈಯಿಂದ ಬಂದ ವಿಮಾನ ರನ್‌ವೇಯ ಅರ್ಧಕ್ಕಿಂತ ಹೆಚ್ಚು ಭಾಗ ಕಳೆದ ಮೇಲೆ ನೆಲ ಮುಟ್ಟಿ, ನಿಲ್ಲಲಾಗದೆ, ತುದಿಯಾಚೆಯ ಕಣಿವೆಗೆ ಬಿದ್ದು ಉರಿಯಿತು. ಅದರಲ್ಲಿದ್ದವರು 166 ಮಂದಿ. ಉಳಿದವರು ಎಂಟೇ ಮಂದಿ. ವಿಮಾನ ಬೇಕಾದುದಕ್ಕಿಂತ ಎತ್ತರದಿಂದ ಬರುತ್ತಿದ್ದರೂ, ಮತ್ತೆ ಮೇಲೇರಿ ಸುತ್ತು ಬರೋಣ ಎಂದು ಸಹ ಪೈಲಟ್ ಹೇಳಿದ್ದರೂ, ಕ್ಯಾಪ್ಟನ್ ಇಳಿಸಲು ಹೊರಟದ್ದೇ ಕಾರಣ ಎಂದು ತನಿಖೆಯ ವರದಿ ಹೇಳಿತು. ಮೂರೂವರೆ ಗಂಟೆಯ ದಾರಿ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ. ಕರೆದುಕೊಂಡು ಹೋಗಲು ಬಂದವರು ಹೊರಗೆ ನಿಂತಿದ್ದರು. ಗುರುತು ಸಿಗದ ಹನ್ನೆರಡು ದೇಹಗಳನ್ನು ಫಲ್ಗುಣಿ ಹೊಳೆಯ ಬದಿಯಲ್ಲಿ ಒಟ್ಟಿಗೆ ದಫನ ಮಾಡಿದರು. ಈಗ ಅಲ್ಲೊಂದು ಸ್ಮಾರಕವಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ 'ವಿಮಾನ ಇಳಿಯಿತು' ಎಂಬುದನ್ನು ನಂಬುವುದಿಲ್ಲ. ಇಳಿದವರೇ ಫೋನ್ ಮಾಡಿ 'ಇಳಿದೆ' ಎನ್ನಬೇಕು.

ಇನ್ನು ನನ್ನದೇ ಪ್ರಯಾಣದ ಮಾತು. 2022ರ ಏಪ್ರಿಲಿನಲ್ಲಿ ಮಗಳ ಬಾಣಂತನಕ್ಕೆಂದು ದುಬೈಗೆ ಹೊರಟೆ. ರಮಝಾನ್ ತಿಂಗಳು. ಪ್ರಯಾಣಿಕರಿಗೆ ಉಪವಾಸ ಬಿಟ್ಟು ಆಮೇಲೆ ಹಿಡಿಯುವ ರಿಯಾಯಿತಿ ಕುರ್‌ಆನಿನಲ್ಲೇ ಇದೆ. ಆದರೂ ಮೂರೂವರೆ ಗಂಟೆಯ ದಾರಿಗೆ ಏಕೆ ಬಿಡಬೇಕೆಂದು ಉಪವಾಸದಲ್ಲೇ ಹೊರಟೆ. ವಿಮಾನ ಸಂಜೆ ಐದೂವರೆಗೆ. ಕೈಚೀಲದಲ್ಲಿ ನಾಲ್ಕು ಖರ್ಜೂರ, ಅಲ್ಲೇ ಕೊಂಡ ನೀರಿನ ಬಾಟ್ಲಿ.

ನನ್ನ ಪಕ್ಕದಲ್ಲಿ ಹೊಸದಾಗಿ ಕೆಲಸಕ್ಕೆ ಹೋಗುವ ಒಬ್ಬ ಹುಡುಗ. ಫೋನಿನ ಗಡಿಯಾರ ನೋಡುತ್ತಲೇ ಇದ್ದ. 6.45 ಆದದ್ದೇ ಖರ್ಜೂರ ಬಾಯಿಗಿಡಲು ಹೊರಟ. ಹಿಂದಿನ ಸೀಟಿನ ಹಿರಿಯರೊಬ್ಬರು ಮೆಲ್ಲನೆ ಅವನ ಭುಜ ಮುಟ್ಟಿ, 'ಮಗಾ, ಆ ಕಿಟಕಿ ನೋಡು' ಎಂದರು. ಎಡಗಡೆಯ ಕಿಟಕಿಯಲ್ಲಿ ಸೂರ್ಯ ಸಮುದ್ರದ ಮೇಲೆ ಇನ್ನೂ ಒಂದು ಮೊಳ ಎತ್ತರದಲ್ಲಿದ್ದ. ಹುಡುಗ ಖರ್ಜೂರವನ್ನು ಮತ್ತೆ ಜೇಬಿಗೆ ಹಾಕಿಕೊಂಡ. 7 ಆಯಿತು, 7.15 ಆಯಿತು, 7.30 ಆಯಿತು. ಸೂರ್ಯ ಜಗ್ಗಲಿಲ್ಲ. ಊರಿನಲ್ಲಿ ಮಗ್ರಿಬ್ ಆಗಿ, ಗಂಜಿ ಕುಡಿದು, ಇಶಾಕ್ಕೆ ವುಝೂ ಮಾಡುವ ಹೊತ್ತು. ನಮಗಿನ್ನೂ ಹಗಲು! ಕೊನೆಗೆ ಊರಿನ ಗಡಿಯಾರದಲ್ಲಿ 8 ಗಂಟೆ ದಾಟಿದ ಮೇಲೆ ಸೂರ್ಯ ಮುಳುಗಿದ. ಆ ಹುಡುಗನ ಮುಖ ನೋಡಬೇಕಿತ್ತು.

ಇದೇಕೆ ಹೀಗೆ ಎಂದು ಆಮೇಲೆ ಅಳಿಯ ಲೆಕ್ಕ ಬರೆದು ತೋರಿಸಿದ. ಭೂಮಿ ತಿರುಗುವುದರಿಂದ ಸೂರ್ಯ ಒಂದು ರೇಖಾಂಶ ದಾಟಲು ನಾಲ್ಕು ನಿಮಿಷ ಬೇಕು. ಮಂಗಳೂರು ಸುಮಾರು 75ನೇ ರೇಖಾಂಶದಲ್ಲಿದೆ, ದುಬೈ 55ರ ಸ್ವಲ್ಪ ಆಚೆ. ಆದ್ದರಿಂದ ಸೂರ್ಯನ ಲೆಕ್ಕದಲ್ಲಿ ಎರಡೂ ಊರುಗಳಿಗೆ 78 ನಿಮಿಷದ ವ್ಯತ್ಯಾಸ. ಗಡಿಯಾರದಲ್ಲಿ ಮಾತ್ರ 90 ನಿಮಿಷ. ಏಕೆಂದರೆ ನಮ್ಮ ದೇಶದ ಗಡಿಯಾರ ಮಂಗಳೂರಿನ ಸೂರ್ಯನನ್ನು ನೋಡಿ ಇಟ್ಟದ್ದಲ್ಲ, ದೂರದ 82.5ನೇ ರೇಖಾಂಶವನ್ನು ನೋಡಿ ಇಟ್ಟದ್ದು. ಅಲ್ಲಿಯದು 60ನೇ ರೇಖಾಂಶದ ಗಡಿಯಾರ. ನಾವು ಸೂರ್ಯ ಹೋಗುವ ದಿಕ್ಕಿಗೇ, ಅವನ ಸುಮಾರು ಅರ್ಧ ವೇಗದಲ್ಲಿ, ಬೆನ್ನಟ್ಟಿ ಹೋಗುತ್ತಿದ್ದೆವು. ಜೊತೆಗೆ ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಇರುವವರಿಗೆ ದಿಗಂತ ಕೆಳಗೆ ಸರಿಯುವುದರಿಂದ ನೆಲದವರಿಗಿಂತ ಕಾಲು ಗಂಟೆ ತಡವಾಗಿ ಸೂರ್ಯ ಮುಳುಗುತ್ತಾನೆ. ದುಬೈಯ ಬುರ್ಜ್ ಖಲೀಫಾ ಕಟ್ಟಡದಲ್ಲಿ 80ನೇ ಮಹಡಿಯಿಂದ ಮೇಲಿನವರು ಎರಡು ನಿಮಿಷ, 150ನೇ ಮಹಡಿಯ ಮೇಲಿನವರು ಮೂರು ನಿಮಿಷ ತಡವಾಗಿ ಇಫ್ತಾರ್ ಮಾಡಬೇಕೆಂದು 2011ರಲ್ಲಿ ಅಲ್ಲಿನ ಮುಫ್ತಿಯವರು ಹೇಳಿದ್ದು ಇದೇ ಕಾರಣಕ್ಕೆ.

ಬರುವಾಗ ಇದರ ಉಲ್ಟಾ. ಸೂರ್ಯನಿಗೆ ಬೆನ್ನು ಹಾಕಿ ಬರುವುದರಿಂದ ಹಗಲು ಬೇಗ ಮುಗಿಯುತ್ತದೆ. ಅಸ್ರ್ ನಮಾಝನ್ನು ಆಮೇಲೆ ಮಾಡೋಣ ಎಂದು ಕೂತವರಿಗೆ ಕಣ್ಣೆದುರೇ ಮಗ್ರಿಬ್ ಆಗಿಬಿಡುತ್ತದೆ. ಆದ್ದರಿಂದ ಪೂರ್ವಕ್ಕೆ ಬರುವ ವಿಮಾನ ಹತ್ತುವ ಮೊದಲೇ ನಮಾಝಿನ ವಿಷಯವನ್ನು ತಿಳಿದವರಲ್ಲಿ ಕೇಳಿಟ್ಟುಕೊಳ್ಳಿ.

ಟಿಕೆಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ನೆರೆಮನೆಯ ಹಿರಿಯಕ್ಕ ಒಬ್ಬರು ಮಗನ ಟಿಕೆಟು ನೋಡಿ, 'ಹೋಗಲು ಎರಡೇ ಗಂಟೆ, ಬರಲು ಐದು ಗಂಟೆ! ಬರುವಾಗ ಸಾಮಾನು ಹೆಚ್ಚಿರುತ್ತದಲ್ಲ, ಭಾರಕ್ಕೆ ನಿಧಾನ' ಎಂದು ತಾವೇ ಉತ್ತರ ಕಂಡುಕೊಂಡಿದ್ದರು. ನಾವು ನಕ್ಕರೂ, ಅವರ ಲೆಕ್ಕದಲ್ಲಿ ಒಂದು ನ್ಯಾಯವಿತ್ತು. ಬೆಳಿಗ್ಗೆ 10ಕ್ಕೆ ಇಲ್ಲಿಂದ ಹೊರಟರೆ ಟಿಕೆಟಿನಲ್ಲಿ 12ಕ್ಕೆ ಅಲ್ಲಿ. ಮಧ್ಯಾಹ್ನ 1ಕ್ಕೆ ಅಲ್ಲಿಂದ ಹೊರಟರೆ ಸಂಜೆ 6ಕ್ಕೆ ಇಲ್ಲಿ. ನಡುವಿನ ಒಂದೂವರೆ ಗಂಟೆ ಕೊಟ್ಟುತೆಗೆದುಕೊಳ್ಳುವ ಲೆಕ್ಕವಷ್ಟೇ.

ಸಾಮಾನಿನ ವಿಷಯ ಬಂತಲ್ಲ. ಮೊದಲ ಬಾರಿ ಹೋಗುವ ಸಹೋದರಿಯರಿಗೆ ಒಂದೆರಡು ಮಾತು. ಹಲಸಿನ ಹಪ್ಪಳ, ಕುಚ್ಚಲಕ್ಕಿ, ಸಂಬಾರ ಪುಡಿ ಎಲ್ಲ ಕಟ್ಟಿಕೊಳ್ಳಿ, ಆದರೆ ಗಸಗಸೆಯನ್ನು ಒಂದು ಚಮಚದಷ್ಟೂ ಒಯ್ಯಬೇಡಿ. ನಮಗೆ ಅದು ಪಾಯಸದ, ಮಸಾಲೆಯ ಸಾಮಾನು. ಅಲ್ಲಿನ ಕಾನೂನಿಗೆ ಮಾದಕ ವಸ್ತು. ಬೇರೆ ಪುಡಿಯೊಳಗೆ ಸೇರಿದ್ದರೂ ಕಷ್ಟ. ಊರಿನ ಮೆಡಿಕಲಿನಲ್ಲಿ ಕೊಳ್ಳುವ ಕೆಲವು ಕೆಮ್ಮಿನ ಔಷಧ ಮತ್ತು ನೋವಿನ ಮಾತ್ರೆಗಳಿಗೂ ಅಲ್ಲಿ ಮೊದಲೇ ಅನುಮತಿ ಬೇಕು. ವೈದ್ಯರ ಚೀಟಿ ಕೈಯಲ್ಲಿರಲಿ. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ತಾನೇ ಬಿಸಿಯೇರಿ ಬೆಂಕಿ ಹಿಡಿಯುವ ಗುಣ ಅದಕ್ಕಿದೆ. ಅದನ್ನೂ ಬಿಟ್ಟುಬಿಡಿ. ಯಾರೋ ಗುರುತಿನವರ ಮಗನಿಗೆಂದು ಕೊಟ್ಟ ಕಟ್ಟನ್ನು ಬಿಚ್ಚಿ ನೋಡದೆ ಪೆಟ್ಟಿಗೆಗೆ ಹಾಕಬೇಡಿ. ಬೇಸರವಾದರೆ ಆಗಲಿ.

ಈ ಮೂರೂವರೆ ಗಂಟೆಯ ಹಿಂದೆ ಮುಂದೆ ಎಷ್ಟು ಗಂಟೆಗಳಿವೆ ಎಂಬುದನ್ನು ನಾನು ಕಲಿತದ್ದು 2017ರಲ್ಲಿ, ಉಮ್ಮ ತೀರಿಹೋದ ದಿನ.

ಅಂದು ಬೆಳಿಗ್ಗೆ ಏಳೂವರೆಗೆ ಉಮ್ಮನ ಉಸಿರು ನಿಂತಿತು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ತಮ್ಮನಿಗೆ ಫೋನ್ ಮಾಡಿದಾಗ ಅಲ್ಲಿ ಬೆಳಿಗ್ಗೆ ಆರು. ಅವನಿಗೆ ಜಬಲ್ ಅಲಿಯ ಒಂದು ಗೋದಾಮಿನಲ್ಲಿ ಕೆಲಸ. ಅವನು ಅಳಲಿಲ್ಲ. 'ಹನ್ನೊಂದೂವರೆಗೆ ವಿಮಾನ ಇದೆ, ಬರುತ್ತೇನೆ' ಎಂದ. ನಾನು ಕೂತಲ್ಲೇ ಎಣಿಸಿದೆ. ಅಲ್ಲಿಯ ಹನ್ನೊಂದೂವರೆ ಎಂದರೆ ನಮ್ಮ ಒಂದು ಗಂಟೆ. ನಾಲ್ಕೂವರೆಗೆ ಇಳಿಯುತ್ತಾನೆ. ಹೊರಗೆ ಬರಲು ಮುಕ್ಕಾಲು ಗಂಟೆ, ಬಜ್ಪೆಯಿಂದ ನಮ್ಮ ಮನೆಗೆ ಒಂದು ಗಂಟೆ. ಆರೂಕಾಲಕ್ಕೆ ಮನೆಯಲ್ಲಿರುತ್ತಾನೆ. ಮಗ್ರಿಬ್ ಆದ ಮೇಲೆ ಜನಾಝಾ ನಮಾಝ್. ಆಗುತ್ತದೆ ಎಂದೆ. ಮಾವಂದಿರೂ ಒಪ್ಪಿದರು.

ಆದರೆ ಅವನ ಪಾಸ್‌ಪೋರ್ಟ್ ಕಂಪೆನಿಯ ಕಪಾಟಿನಲ್ಲಿತ್ತು. ಆಫೀಸು ತೆರೆಯುವುದು ಎಂಟಕ್ಕೆ. ಕಪಾಟಿನ ಕೀಲಿಕೈ ಇರುವವರು ಬಂದದ್ದು ಒಂಬತ್ತಕ್ಕೆ. ರಜೆಯ ಕಾಗದಕ್ಕೆ ಇನ್ನೊಬ್ಬರ ಸಹಿ ಬೇಕೆಂದರು. ಆ ಇನ್ನೊಬ್ಬರು ಬೇರೆ ಗೋದಾಮಿಗೆ ಹೋಗಿದ್ದರು. ಪಾಸ್‌ಪೋರ್ಟ್ ಅವನ ಕೈಗೆ ಸಿಕ್ಕಿದಾಗ ಹತ್ತು ಗಂಟೆ ಹತ್ತು ನಿಮಿಷ. ಹತ್ತೂವರೆಗೆ ಕೌಂಟರ್ ಮುಚ್ಚುತ್ತದೆ. ಜಬಲ್ ಅಲಿಯಿಂದ ವಿಮಾನ ನಿಲ್ದಾಣಕ್ಕೆ ಇಪ್ಪತ್ತು ನಿಮಿಷದಲ್ಲಿ ಹಾರಿಕೊಂಡೇ ಹೋಗಬೇಕು. ನೌಕರನ ಪಾಸ್‌ಪೋರ್ಟನ್ನು ಮಾಲಕ ಇಟ್ಟುಕೊಳ್ಳುವಂತಿಲ್ಲ ಎಂಬ ನಿಯಮ ಅಲ್ಲೂ ಇದೆ. ಇದು ನಮಗೆ ಗೊತ್ತಾದದ್ದು ಆಮೇಲೆ. ಈಗ ನಿಮಗೂ ಗೊತ್ತಾಯಿತಲ್ಲ, ನಿಮ್ಮ ಮನೆಯವರಿಗೆ ಇಂದೇ ಫೋನ್ ಮಾಡಿ ಪಾಸ್‌ಪೋರ್ಟ್ ಯಾರ ಹತ್ತಿರ ಇದೆ ಎಂದು ಕೇಳಿ.

ಮುಂದಿನ ವಿಮಾನ ಅಲ್ಲಿಯ ರಾತ್ರಿ ಎಂಟಕ್ಕೆ. ಇಲ್ಲಿ ಇಳಿಯುವಾಗ ನಡುರಾತ್ರಿ ಒಂದು.

ಹಿರಿಯ ಮಾವ ಹೇಳಿದರು, 'ಮಯ್ಯತ್ತನ್ನು ಕಾಯಿಸುವುದು ಸರಿಯಲ್ಲ. ಅಸ್ರ್ ಆದ ಮೇಲೆ ಮುಗಿಸೋಣ.' ನಾನು ಒಪ್ಪಲಿಲ್ಲ. ನನ್ನ ಬಾಯಿಂದ ಬರಬಾರದ ಮಾತು ಬಂತು. 'ಉಮ್ಮ ನಲವತ್ತು ವರ್ಷ ಈ ಬಾಗಿಲಲ್ಲಿ ಒಬ್ಬೊಬ್ಬರಿಗಾಗಿ ಕಾದಿದ್ದಾರೆ. ಇನ್ನೊಂದು ರಾತ್ರಿ ಕಾದರೆ ಏನಾಗುತ್ತದೆ?' ಎಂದೆ. ಮಾವ ಏನೂ ಹೇಳದೆ ಹೊರಗೆ ಹೋಗಿ ಕೂತರು. ಹೆಂಗಸರು ಕುರ್‌ಆನ್ ಓದುತ್ತಿದ್ದವರು ತಲೆಯೆತ್ತಿ ನನ್ನನ್ನೇ ನೋಡಿದರು. ನನಗೆ ಆಗ ಸರಿ ತಪ್ಪು ತಿಳಿಯುತ್ತಿರಲಿಲ್ಲ.

ಹನ್ನೆರಡು ಗಂಟೆಗೆ ತಮ್ಮನೇ ಮಾವನ ಫೋನಿಗೆ ಮಾಡಿದ. 'ಕಾಯಬೇಡಿ. ನನಗೆ ಮುಖ ಒಮ್ಮೆ ತೋರಿಸಿ, ಆಮೇಲೆ ಕೊಂಡುಹೋಗಿ' ಎಂದ. ಕಫನ ಮುಚ್ಚುವ ಮೊದಲು ಮಾವನ ಮಗ ಫೋನನ್ನು ಉಮ್ಮನ ಮುಖದ ಹತ್ತಿರ ಹಿಡಿದ. ಆ ಕಡೆ ಅವನು ವಿಮಾನ ನಿಲ್ದಾಣದ ಹೊರಗಿನ ಕಟ್ಟೆಯಲ್ಲಿ ಕೂತಿದ್ದ. ಹಿಂದೆ ಟ್ಯಾಕ್ಸಿಗಳ ಸದ್ದು. ಐದು ಗಂಟೆಗೆ ದಫನ ಆಯಿತು.

ರಾತ್ರಿ ಅವನು ಇಳಿದವನು ಮನೆಗೆ ಬರಲಿಲ್ಲ. ನೇರ ಮಸೀದಿಯ ಬಳಿಯ ಖಬರಸ್ಥಾನಕ್ಕೆ ಹೋದ. ಮಾವ ಟಾರ್ಚು ಹಿಡಿದುಕೊಂಡು ಅಲ್ಲೇ ಕಾಯುತ್ತಿದ್ದರಂತೆ. ಅವರು ಯಾರಿಗೂ ಹೇಳದೆ ಹೋಗಿದ್ದರು. ಆಗ ಗಂಟೆ ಎರಡೂಕಾಲು. ಸುದ್ದಿ ತಿಳಿದ ಹೊತ್ತಿನಿಂದ ಎಣಿಸಿದರೆ ಅವನ ಮೂರೂವರೆ ಗಂಟೆಯ ದಾರಿಗೆ ಸುಮಾರು ಹತ್ತೊಂಬತ್ತು ಗಂಟೆ ಹಿಡಿದಿತ್ತು.

ಮನೆಗೆ ಬಂದವನ ಕೈಯಲ್ಲಿ ಸಣ್ಣದೊಂದು ಪ್ಲಾಸ್ಟಿಕ್ ತೊಟ್ಟೆ. ಅದರಲ್ಲಿ ಎರಡು ಬಾಟ್ಲಿ ಆಕ್ಸ್ ಎಣ್ಣೆ. ಮೊಣಕಾಲಿಗೆ ಹಚ್ಚಲು ಬೇಕೆಂದು ಉಮ್ಮ ಹೇಳಿದ್ದರಂತೆ. ಊರಿಗೆ ಬರುವವರು ಯಾರಾದರೂ ಸಿಕ್ಕಿದರೆ ಕೊಟ್ಟು ಕಳುಹಿಸೋಣ ಎಂದು ಹದಿನೈದು ದಿನಗಳಿಂದ ಕೋಣೆಯಲ್ಲಿ ಇಟ್ಟಿದ್ದನಂತೆ. ಹೊರಡುವ ಗಡಿಬಿಡಿಯಲ್ಲಿ ಬಟ್ಟೆ ತರಲು ಮರೆತಿದ್ದ, ಅದನ್ನು ಮರೆತಿರಲಿಲ್ಲ.

ಅವನಿಗೆ ಸಿಕ್ಕಿದ ರಜೆ ಏಳು ದಿನಗಳದ್ದು. ಎಂಟನೆಯ ದಿನ ಅವನನ್ನು ಬಿಡಲು ನಾನೂ ಬಜ್ಪೆಗೆ ಹೋದೆ. ಅವನು ಒಳಗೆ ಹೋದ ಮೇಲೂ ಗಾಜಿನ ಈಚೆ ಸ್ವಲ್ಪ ಹೊತ್ತು ನಿಂತಿದ್ದು ಮನೆಗೆ ಬಂದೆ. ಅನ್ನ ಬಸಿದೆ, ಲುಹರ್ ನಮಾಝ್ ಮಾಡಿದೆ, ಉಮ್ಮನ ಕೋಣೆಯ ಚಾಪೆ ಮಡಚಿಟ್ಟೆ. ನಾಲ್ಕು ಗಂಟೆಯ ಹೊತ್ತಿಗೆ ಫೋನ್ ಬಂತು. 'ಇಳಿದೆ' ಎಂದ. ಆ ಫೋನ್ ಯಾವಾಗಲೂ ಉಮ್ಮನಿಗೆ ಬರುತ್ತಿತ್ತು. ಅಂದು ನನಗೆ ಬಂತು.